ಒತ್ತಿದ ಕೀಲಿ, ಬಾರದ ಅಕ್ಷರ



ಈ ದತ್ತಿ ಉಪನ್ಯಾಸದಲ್ಲಿ ಹೇಳುವ ವಿಜ್ಞಾನ ಮನೆಯ ಹೊಸ್ತಿಲೊಳಗಿನದಾಗಿರಬೇಕು ಎಂದು ದತ್ತಿಯ ಕರಾರಿನಲ್ಲಿದೆಯಂತೆ. ಹಾಗಾಗಿ ನಮ್ಮ ಮನೆಯ ಜಗಲಿಯಿಂದಲೇ ಶುರು ಮಾಡುತ್ತೇನೆ.

2020ರ ಜೂನ್ ತಿಂಗಳು. ಮಳೆ ಹಿಡಿದು ನಾಲ್ಕು ದಿನವಾಗಿತ್ತು. ಸಿದ್ದಾಪುರ ತಾಲೂಕಿನ ನಮ್ಮ ತೋಟದ ಮನೆಯಲ್ಲಿ ಅಕ್ಕನ ಮಗಳು ಲ್ಯಾಪ್‌ಟಾಪ್ ತೆರೆದು ಕೂತಿದ್ದಳು. ಬೆಂಗಳೂರಿನ ಒಂದು ಸಂಸ್ಥೆಯಲ್ಲಿ ಲೆಕ್ಕಪತ್ರ ನೋಡುವವಳು. ಲಾಕ್‌ಡೌನ್ ಬಂದಾಗ ಅವಳು ಊರಿಗೆ ಬಂದಳು, ಅವಳ ಕಂಪ್ಯೂಟರ್ ಕಚೇರಿಯ ಮೇಜಿನ ಮೇಲೆಯೇ ಉಳಿಯಿತು. ಅಲ್ಲಿನ ಪರದೆಯನ್ನು ಇಲ್ಲಿ ನೋಡುತ್ತ, ಇಲ್ಲಿನ ಕೀಲಿಮಣೆಯಿಂದ ಅಲ್ಲಿ ಬರೆಯಬೇಕು. ರಿಮೋಟ್ ಡೆಸ್ಕ್‌ಟಾಪ್ ಎನ್ನುತ್ತೇವಲ್ಲ, ಅದೇ. ಅವಳು 4500 ಎಂದು ಒತ್ತಿದಳು. ಏನೂ ಮೂಡಲಿಲ್ಲ. ಮತ್ತೆ ಒತ್ತಿದಳು. ಎರಡು ಸೆಕೆಂಡಾದ ಮೇಲೆ 45004500 ಎಂದು ಒಟ್ಟಿಗೇ ಬಂತು. ಅಳಿಸಲು ಹೋದಳು, ಕಾಣಲಿಲ್ಲವೆಂದು ಇನ್ನಷ್ಟು ಸಲ ಒತ್ತಿದಳು, ಬೇಕಾದ 4500 ಕೂಡ ಹೋಯಿತು. "ಮಾವ, ಸ್ಪೀಡ್ ಟೆಸ್ಟ್ ಮಾಡಿದ್ರೆ ಸರಿಯಾಗೇ ಬರ್ತಿದೆ. ಆದ್ರೆ ನಾನು ಒತ್ತಿದ್ದು ಹೋಯ್ತೋ ಇಲ್ವೋ ಅಂತಾನೇ ಗೊತ್ತಾಗ್ತಿಲ್ಲ" ಎಂದಳು.

ಇದರ ಜೊತೆಗೆ ಇನ್ನೊಂದು ಸಂಕಟವಿತ್ತು. ಅವಳ ಸಂಸ್ಥೆಯ ಹಾಜರಿ ವ್ಯವಸ್ಥೆ, ಐದು ನಿಮಿಷ ಕೀಲಿ ಒತ್ತದಿದ್ದರೆ ಕೆಲಸ ಬಿಟ್ಟು ಎದ್ದಿದ್ದಾಳೆ ಎಂದು ಬರೆದುಕೊಳ್ಳುತ್ತಿತ್ತು. ಪರದೆ ನಿಂತಾಗ ಕಣ್ಣು ಕೀಳದೆ ಕಾದು ಕೂತ ಹೊತ್ತೆಲ್ಲ ಅವಳ ಲೆಕ್ಕದಲ್ಲಿ ಗೈರುಹಾಜರಿಯಾಗುತ್ತಿತ್ತು. ಯಂತ್ರ ಮಾಡಿದ ತಡಕ್ಕೆ ಮನುಷ್ಯರ ಸಂಬಳ ಮುರಿಯುವುದನ್ನು ನಾನು ಸಣ್ಣ ವಿಷಯವೆಂದು ಎಣಿಸಲಾರೆ. ಇಪ್ಪತ್ತೆಂಟು ವರ್ಷ ಕಂಪ್ಯೂಟರ್ ಜಾಲಗಳ ಕೆಲಸ ಮಾಡಿ ಊರು ಸೇರಿದ್ದ ನನಗೆ ಅವಳ ಪ್ರಶ್ನೆಗೆ ಆ ಕ್ಷಣ ಉತ್ತರ ಹೊಳೆಯಲಿಲ್ಲ. ಇವತ್ತಿನ ಉಪನ್ಯಾಸ ಆ ಉತ್ತರ.

ಇಂಟರ್ನೆಟ್ ಮಾರುವವರು ಹೇಳುವುದು ಅಗಲದ ಲೆಕ್ಕ, ಸೆಕೆಂಡಿಗೆ ಇಷ್ಟು ಮೆಗಾಬಿಟ್ ಎಂದು. ಶಿರಸಿಯಿಂದ ಬೆಂಗಳೂರಿಗೆ ಹೋಗುವ ರಾತ್ರಿ ಬಸ್ಸಿನಲ್ಲಿ ಎಷ್ಟು ಸೀಟಿದೆ ಎಂದು ಹೇಳಿದ ಹಾಗೆ ಅದು. ಬೆಳಿಗ್ಗೆ ಆರಕ್ಕೆ ಮೆಜೆಸ್ಟಿಕ್‌ನಲ್ಲಿ ಇಳಿದು ಆಸ್ಪತ್ರೆಗೆ ಓಡಬೇಕಾದವರು ಸೀಟು ಎಣಿಸುವುದಿಲ್ಲ, ಬಸ್ಸು ಮುಟ್ಟುವುದು ಎಷ್ಟೊತ್ತಿಗೆ ಎಂದು ಕೇಳುತ್ತಾರೆ. ಈ ಎರಡನೆಯದನ್ನು ನಾನು ತಡ ಎನ್ನುತ್ತೇನೆ. ನಮ್ಮ ಹುಡುಗರು ಲ್ಯಾಗ್ ಎನ್ನುತ್ತಾರೆ. ತಡ ಎಂಬ ಎರಡಕ್ಷರ ಕೈಯಲ್ಲಿರುವಾಗ ನನಗೆ ಬೇರೆ ಪದ ಬೇಡ. ಸಿನಿಮಾ ನೋಡುವುದಕ್ಕೆ ಅಗಲ ಇದ್ದರೆ ಸಾಕು; ಹತ್ತು ಸೆಕೆಂಡಿನಷ್ಟನ್ನು ಮೊದಲೇ ತಂದಿಟ್ಟುಕೊಂಡು ತೋರಿಸುತ್ತ ಹೋಗಬಹುದು. ದೂರದ ಕಂಪ್ಯೂಟರಿನಲ್ಲಿ ದುಡಿಯುವವಳಿಗೆ ಆ ಸೌಲಭ್ಯವಿಲ್ಲ. ಮುಂದೆ ಅವಳು ಯಾವ ಕೀಲಿ ಒತ್ತುತ್ತಾಳೆಂದು ಯಾರಿಗೆ ಗೊತ್ತು? ಪ್ರತಿ ಕೀಲಿಯೂ ಅಲ್ಲಿಗೆ ಹೋಗಬೇಕು, ಅಲ್ಲಿ ಅಕ್ಷರವಾಗಬೇಕು, ಅದರ ಚಿತ್ರ ಮರಳಿ ಬರಬೇಕು.

ಹೀಗೆ ಹೋಗಿ ಬರುವ ಕೆಲಸಕ್ಕೆ ಐವತ್ತು ವರ್ಷ ಮೀರಿದ ಚರಿತ್ರೆಯಿದೆ. 1968ರ ಡಿಸೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೊದ ಕಂಪ್ಯೂಟರ್ ಸಮ್ಮೇಳನದಲ್ಲಿ ಡಗ್ಲಸ್ ಎಂಗಲ್‌ಬಾರ್ಟ್ ವೇದಿಕೆಯ ಮೇಲೆ ಕೂತು ಮೌಸ್ ಆಡಿಸಿದರು. ಮೌಸ್ ಜನರೆದುರು ಬಂದ ದಿನವೆಂದು ಅದನ್ನು ಪಾಠಪುಸ್ತಕಗಳು ನೆನೆಯುತ್ತವೆ. ನನಗೆ ಬೆರಗು ಹುಟ್ಟಿಸುವುದು ಇನ್ನೊಂದು ಸಂಗತಿ. ಕಂಪ್ಯೂಟರ್ ಆ ಸಭಾಂಗಣದಲ್ಲಿ ಇರಲೇ ಇಲ್ಲ. ಸುಮಾರು 50 ಕಿಲೋಮೀಟರ್ ಆಚೆ ಮೆನ್ಲೊ ಪಾರ್ಕಿನ ಪ್ರಯೋಗಾಲಯದಲ್ಲಿತ್ತು. ಅಲ್ಲಿನ ಸಣ್ಣ ಪರದೆಗಳಿಗೆ ಟೀವಿ ಕ್ಯಾಮೆರಾ ಹಿಡಿದು, ಆ ಚಿತ್ರವನ್ನು ಮೈಕ್ರೋವೇವ್ ಕೊಂಡಿಯ ಮೂಲಕ ಸಭೆಗೆ ತಂದಿದ್ದರು. ಕೈಯ ಚಲನೆ, ಒತ್ತಿದ ಕೀಲಿ ಮಾತ್ರ ಅಲ್ಲಿಗೆ ಹೋದದ್ದು ಟೆಲಿಫೋನ್ ತಂತಿಯಲ್ಲಿ, ಪ್ರಯೋಗಾಲಯದವರೇ ಕಟ್ಟಿದ ಸೆಕೆಂಡಿಗೆ 1200 ಬಿಟ್‌ಗಳ ಮೋಡೆಮ್ ಮೂಲಕ. ಕೈಗೆ ಸಣ್ಣ ದಾರಿ ಸಾಕು, ಕಣ್ಣಿಗೆ ದೊಡ್ಡ ದಾರಿ ಬೇಕು ಎಂಬ ಅಸಮತೆ ಅವತ್ತೇ ಸ್ಪಷ್ಟವಾಗಿತ್ತು.

ಅದೇ ಸಮ್ಮೇಳನದ ಸಂಪುಟದಲ್ಲಿ ರಾಬರ್ಟ್ ಮಿಲ್ಲರ್ ಅವರ ಒಂದು ಪ್ರಬಂಧವೂ ಅಚ್ಚಾಗಿದೆ. ಕಂಪ್ಯೂಟರ್ ಎಷ್ಟು ಬೇಗ ಮರುನುಡಿದರೆ ಮನುಷ್ಯನಿಗೆ ಒಗ್ಗುತ್ತದೆ ಎಂಬುದು ವಿಷಯ. ಕೀಲಿ ಒತ್ತಿದ್ದಕ್ಕೆ ಸೆಕೆಂಡಿನ ಹತ್ತನೇ ಒಂದು ಭಾಗದೊಳಗೆ ಗುರುತು ಸಿಗಬೇಕು ಎಂದು ಅವರು ಬರೆದರು. ಅದಕ್ಕಿಂತ ತಡವಾದರೆ, ಆಗಿದ್ದು ತನ್ನ ಕೈಯಿಂದ ಎಂಬ ಭಾವನೆ ಸಡಿಲವಾಗುತ್ತದೆ. ಆಮೇಲೆ ಕಂಪ್ಯೂಟರುಗಳು ಎಷ್ಟೋ ಸಾವಿರ ಪಟ್ಟು ವೇಗವಾದವು. ನಮ್ಮ ಬೆರಳು, ಕಣ್ಣು, ತಾಳ್ಮೆ ಹಾಗೇ ಇವೆ. ಸೆಕೆಂಡನ್ನು ಸಾವಿರ ಪಾಲು ಮಾಡಿದ್ದು ಒಂದು ಮಿಲಿಸೆಕೆಂಡ್. ನೂರು ಮಿಲಿಸೆಕೆಂಡ್ ಎಂಬ ಆ ಗೆರೆಯನ್ನು ನೆನಪಿಡಿ, ಮುಂದಿನದನ್ನೆಲ್ಲ ಅದರಿಂದಲೇ ಅಳೆಯುತ್ತೇನೆ.

ಮೊದಲು ಚಿತ್ರದ ಮಾತು. ನನ್ನ ಅಕ್ಕನ ಮಗಳ ಲ್ಯಾಪ್‌ಟಾಪಿನ ಪರದೆಯಲ್ಲಿ ಅಡ್ಡಕ್ಕೆ 1366, ಉದ್ದಕ್ಕೆ 768 ಚುಕ್ಕಿಗಳು, ಒಟ್ಟು 10,49,088. ಒಂದೊಂದರ ಬಣ್ಣಕ್ಕೆ 24 ಬಿಟ್. ಒಂದು ಪರದೆಯನ್ನು ಇದ್ದ ಹಾಗೇ ಕಳಿಸುವುದಾದರೆ ಎರಡೂವರೆ ಕೋಟಿ ಬಿಟ್ ಕಳಿಸಬೇಕು. ನಮ್ಮ ಮನೆಯ ತಾಮ್ರದ ತಂತಿಯಲ್ಲಿ ಇಳಿಯುವ ದಾರಿ ಸೆಕೆಂಡಿಗೆ 2 ಮೆಗಾಬಿಟ್. ಒಂದೇ ಒಂದು ಪರದೆ ಬರಲು ಹನ್ನೆರಡು ಸೆಕೆಂಡು ಮೀರುತ್ತದೆ. ಹಾಗಿದ್ದೂ ನಿಜದಲ್ಲಿ ಕೆಲಸ ನಡೆಯುತ್ತದೆ. ನಡೆಸಿದವರ ಜಾಣ್ಮೆಯನ್ನು ಸ್ವಲ್ಪ ನೋಡೋಣ.

ದಾರಿ ಎರಡು. ಅಡುಗೆ ಮಾಡಿ ಕಳಿಸುವುದು ಒಂದು, ಮಾಡುವ ಬಗೆ ಹೇಳಿ ಕಳಿಸುವುದು ಇನ್ನೊಂದು. 'ಇಲ್ಲಿ ಒಂದು ಚೌಕ ಎಳೆ, ಒಳಗೆ ಬಿಳಿ ತುಂಬು, ಈ ಅಕ್ಷರ ಬರೆ' ಎಂಬ ಆಜ್ಞೆಗಳನ್ನಷ್ಟೇ ಕಳಿಸಿದರೆ ಬಿಟ್‌ಗಳು ಬಹಳ ಉಳಿಯುತ್ತವೆ. 1984ರಲ್ಲಿ ಅಮೆರಿಕದ ಎಂಐಟಿಯಲ್ಲಿ ಶುರುವಾದ ಎಕ್ಸ್ ವಿಂಡೋ ವ್ಯವಸ್ಥೆ ಈ ದಾರಿ ಹಿಡಿಯಿತು. ಅದನ್ನು ಕಟ್ಟಿದವರು ರಾಬರ್ಟ್ ಶೈಫ್ಲರ್ ಮತ್ತು ಜಿಮ್ ಗೆಟ್ಟಿಸ್. ಗೆಟ್ಟಿಸ್ ಎಂಬ ಹೆಸರನ್ನು ಮರೆಯಬೇಡಿ, ಮತ್ತೆ ಬರುತ್ತದೆ. 1998ರಲ್ಲಿ ಮೈಕ್ರೋಸಾಫ್ಟ್ ತನ್ನ ವಿಂಡೋಸ್ ಎನ್‌ಟಿ 4.0ರ ಟರ್ಮಿನಲ್ ಸರ್ವರ್ ಆವೃತ್ತಿಯೊಂದಿಗೆ ತಂದ ಆರ್‌ಡಿಪಿ ಎಂಬ ರಿಮೋಟ್ ಡೆಸ್ಕ್‌ಟಾಪ್ ಕ್ರಮವೂ ಮೊದಮೊದಲು ಹೆಚ್ಚಾಗಿ ಆಜ್ಞೆಗಳನ್ನೇ ನೆಚ್ಚಿತ್ತು. ಒಮ್ಮೆ ಕಳಿಸಿದ ಅಕ್ಷರದ ಆಕಾರವನ್ನು, ಐಕಾನನ್ನು ಈಚೆ ಬದಿಯಲ್ಲಿ ಜೋಪಾನವಾಗಿ ಇಟ್ಟುಕೊಂಡು, ಮುಂದಿನ ಸಲ 'ಆವಾಗ ಕೊಟ್ಟೆನಲ್ಲ, ಅದೇ' ಎಂದರೆ ಆಯಿತು. ಡಯಲ್‌ಅಪ್ ಮೋಡೆಮ್ ಕಾಲದಲ್ಲೂ ಅದು ಓಡಿದ್ದು ಈ ಮಿತವ್ಯಯದಿಂದ.

ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿದ್ದ ಒಲಿವೆಟ್ಟಿ ಮತ್ತು ಒರೇಕಲ್ ಸಂಶೋಧನಾಲಯದವರು ಇನ್ನೊಂದು ದಾರಿ ಹಿಡಿದರು. ಅವರ ವಿಎನ್‌ಸಿ ಎಂಬ ತಂತ್ರಾಂಶ ಚಿತ್ರವನ್ನೇ ಕಳಿಸುತ್ತದೆ, ಆದರೆ ಬದಲಾದ ಆಯತವನ್ನು ಮಾತ್ರ. ಆಚೆ ಯಾವ ಕಂಪ್ಯೂಟರಾದರೂ, ಈಚೆ ಯಾವುದಾದರೂ ನಡೆಯುತ್ತದೆ. 1998ರಲ್ಲಿ ಅದರ ವಿವರ ಪ್ರಕಟವಾಯಿತು. ಅದರಲ್ಲಿ ನನಗೆ ಬಹಳ ಹಿಡಿಸಿದ ಒಂದು ನಡತೆಯಿದೆ. ಕೇಳುವವರೆಗೆ ಅದು ಮುಂದಿನ ಚಿತ್ರ ಕಳಿಸುವುದಿಲ್ಲ. ಉಣ್ಣುವವರು ಎಲೆ ಖಾಲಿ ಮಾಡಿ ತಲೆಯೆತ್ತಿದ ಮೇಲೆ ಬಡಿಸುವ ಹಾಗೆ. ದಾರಿ ಕಿರಿದಾದರೆ ನಡುವಿನ ಚಿತ್ರಗಳನ್ನು ಬಿಟ್ಟು ಈಗಿನ ಸ್ಥಿತಿಯನ್ನು ಕೊಡುತ್ತದೆ, ಹಳಸಿದ್ದನ್ನು ರಾಶಿ ಹಾಕುವುದಿಲ್ಲ. ಇದಕ್ಕೂ ಒಂದು ಬೆಲೆಯಿದೆ. ಪ್ರತಿ ಚಿತ್ರಕ್ಕೂ ಒಂದು ಸಲ ಕೇಳಿ ಪಡೆಯಬೇಕಾದ್ದರಿಂದ, ಹೋಗಿ ಬರಲು 200 ಮಿಲಿಸೆಕೆಂಡ್ ಹಿಡಿಯುವ ದಾರಿಯಲ್ಲಿ ಸೆಕೆಂಡಿಗೆ ಐದು ಚಿತ್ರಕ್ಕಿಂತ ಹೆಚ್ಚು ಬರುವಂತಿಲ್ಲ. ಅಗಲವನ್ನು ಹತ್ತು ಪಟ್ಟು ಮಾಡಿದರೂ ಅಷ್ಟೇ. ಆಮೇಲಿನ ವಿಸ್ತರಣೆಗಳು ಈ ತೊಡಕನ್ನು ಸಡಿಲಿಸಿವೆ.

ಈಗಿನ ತಂತ್ರಾಂಶಗಳು ಪರದೆಯನ್ನು ವಿಡಿಯೋದಂತೆ ಹಿಂಡಿ ಕಳಿಸುವುದೇ ಹೆಚ್ಚು. ಅಲ್ಲಿ ಕನ್ನಡದವರಾದ ನಮಗೆ ಒಂದು ವಿಶೇಷ ತೊಂದರೆಯಿದೆ. ವಿಡಿಯೋ ಹಿಂಡುವ ಸಾಮಾನ್ಯ ಪದ್ಧತಿಯಲ್ಲಿ ಬೆಳಕನ್ನು ಪ್ರತಿ ಚುಕ್ಕಿಗೂ ಇಟ್ಟುಕೊಂಡು, ಬಣ್ಣವನ್ನು ನಾಲ್ಕು ಚುಕ್ಕಿಗೆ ಒಂದರಂತೆ ಇಟ್ಟುಕೊಳ್ಳುತ್ತಾರೆ. ಮುಖ, ಮರ, ಆಕಾಶಕ್ಕೆ ಇದು ಸಾಕು. ಬಣ್ಣದ ಹಿನ್ನೆಲೆಯ ಮೇಲಿನ ಸಣ್ಣ ಅಕ್ಷರಗಳ ಅಂಚು ಮಾತ್ರ ಕದಡಿ ಹೋಗುತ್ತದೆ. ದಾರಿ ಕಿರಿದಾದಷ್ಟೂ ತಂತ್ರಾಂಶ ಇನ್ನೂ ಬಲವಾಗಿ ಹಿಂಡುತ್ತದೆ. ಇಂಗ್ಲಿಷಿನ ಅಕ್ಷರಗಳು ಅಷ್ಟಿಷ್ಟು ಮಸುಕಾದರೂ ಓದಿಸಿಕೊಳ್ಳುತ್ತವೆ. ನಮ್ಮ ಥ ಮತ್ತು ಧ ನೋಡಿ: ಎರಡನ್ನೂ ಬೇರೆ ಮಾಡುವುದು ಹೊಟ್ಟೆಯೊಳಗಿನ ಒಂದು ಚುಕ್ಕಿ. ಆ ಜಾಗ ಮಸುಕಾದರೆ 'ಅರ್ಧ' ಎಂದಿದ್ದದ್ದು 'ಅರ್ಥ'ವೋ ಅರ್ಧವೋ ತಿಳಿಯದು. ಪಹಣಿಯಲ್ಲಿ, ವಿಭಾಗಪತ್ರದಲ್ಲಿ ಆ ಚುಕ್ಕಿಯ ಮೇಲೆ ಒಂದು ಕುಟುಂಬದ ಪಾಲು ನಿಂತಿರುತ್ತದೆ. ಒತ್ತಕ್ಷರಗಳ ಗತಿಯೂ ಇದೇ. ಬಣ್ಣವನ್ನು ಪೂರ್ತಿ ಉಳಿಸಿಕೊಂಡು ಕಳಿಸುವ ಆಯ್ಕೆ ಹಲವು ತಂತ್ರಾಂಶಗಳಲ್ಲಿದೆ. ಕನ್ನಡದಲ್ಲಿ ಕೆಲಸ ಮಾಡುವವರು ಹಿನ್ನೆಲೆಯ ಚಿತ್ರ, ಕಿಟಕಿಗಳ ಕುಣಿತ ಎಲ್ಲವನ್ನೂ ತೆಗೆದುಹಾಕಿ, ಅಲ್ಲಿ ಉಳಿಸಿದ ಬಿಟ್‌ಗಳನ್ನು ಅಕ್ಷರದ ಅಂಚಿಗೆ ಕೊಡಬೇಕೆಂದು ನನ್ನ ಅಭಿಪ್ರಾಯ.

ಬರೆಯುವುದರಲ್ಲೂ ನಮಗೆ ಹೊರೆ ಹೆಚ್ಚು. ನುಡಿ ಎಂಬ ಕನ್ನಡ ತಂತ್ರಾಂಶದ ಕೀಲಿಮಣೆಯಲ್ಲಿ 'ಸ್ತ್ರೀ' ಎಂಬ ಒಂದು ಅಕ್ಷರಕ್ಕೆ ಆರು ಕೀಲಿ ಒತ್ತಬೇಕು. ಆ ಆರೂ ದೂರದ ಕಂಪ್ಯೂಟರಿಗೆ ಹೋಗಿ, ಅಲ್ಲಿ ಕೂಡಿ ಅಕ್ಷರವಾಗಿ, ಚಿತ್ರವಾಗಿ ಬರಬೇಕು. ಅರ್ಧದಾರಿಯಲ್ಲಿ ಪರದೆ ನಿಂತರೆ ಒತ್ತು ಬಿತ್ತೋ ಇಲ್ಲವೋ ಎಂದು ತಿಳಿಯದೆ ಬೆರಳು ಗಾಳಿಯಲ್ಲಿ ನಿಲ್ಲುತ್ತದೆ. ನಾನು ಕಂಡ ಉಪಾಯ ಸರಳವಾದದ್ದು: ಉದ್ದದ ಕನ್ನಡ ಬರಹವನ್ನು ಇಲ್ಲೇ ನಮ್ಮ ಕಂಪ್ಯೂಟರಿನಲ್ಲಿ ಬರೆದುಕೊಂಡು, ಆಮೇಲೆ ಅಲ್ಲಿಗೆ ಅಂಟಿಸುವುದು.

ಈಗ ತಡಕ್ಕೆ ಬರೋಣ. ಗಾಜಿನ ಎಳೆಯೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಹೋಗುತ್ತದೆ. ನಮ್ಮೂರಿಂದ ಬೆಂಗಳೂರು ನಾನೂರು ಕಿಲೋಮೀಟರ್ ಎಂದಿಟ್ಟುಕೊಂಡರೆ ಹೋಗಿ ಬರಲು 4 ಮಿಲಿಸೆಕೆಂಡ್ ಸಾಕು. ನಿಸರ್ಗ ನಮ್ಮಿಂದ ಕೇಳುವುದು ಇಷ್ಟೇ. ಬೆಂಗಳೂರಿನಿಂದ ಅಮೆರಿಕದ ಪೂರ್ವ ಕರಾವಳಿಗಾದರೆ ನೇರ ಗೆರೆ ಎಳೆದರೂ 130 ಮಿಲಿಸೆಕೆಂಡ್ ಮೀರುತ್ತದೆ, ಸಮುದ್ರದ ಕೇಬಲ್‌ಗಳ ಸುತ್ತುಬಳಸಿನಲ್ಲಿ ಇನ್ನೂರು ದಾಟುತ್ತದೆ. ಭೂಸ್ಥಿರ ಉಪಗ್ರಹ ಇರುವುದು 35,786 ಕಿಲೋಮೀಟರ್ ಎತ್ತರದಲ್ಲಿ. ಪ್ರಶ್ನೆ ಹತ್ತಿ ಇಳಿದು, ಉತ್ತರ ಹತ್ತಿ ಇಳಿಯುವಷ್ಟರಲ್ಲಿ ಹೆಚ್ಚುಕಡಿಮೆ ಅರ್ಧ ಸೆಕೆಂಡು. 1985ರಲ್ಲಿ ಬೆಂಗಳೂರಿಗೆ ಬಂದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ತನ್ನದೇ ಉಪಗ್ರಹ ಸಂಪರ್ಕ ಹಾಕಿಸಿಕೊಂಡು ಹೊರದೇಶದ ತನ್ನ ಕಚೇರಿಗಳೊಂದಿಗೆ ಕೆಲಸ ಹಂಚಿಕೊಂಡಿತು. ನಮ್ಮ ನಾಡಿನ ಇಡೀ ಸಾಫ್ಟ್‌ವೇರ್ ಉದ್ಯಮ ಇಂಥ ದೂರಗಳನ್ನು ಸಹಿಸಿಕೊಂಡು ಬೆಳೆದದ್ದು.

ಇಷ್ಟು ಬೆಳಕಿನ ಪಾಲು. ಮಿಕ್ಕದ್ದನ್ನು ನಾವೇ ಕೂಡಿಸಿಕೊಳ್ಳುತ್ತೇವೆ. ಹಳ್ಳಿಯ ಮನೆಯಲ್ಲಿ ಕೂತವಳೊಬ್ಬಳು ಬೆಂಗಳೂರಿನ ಕಂಪ್ಯೂಟರನ್ನು ತಲುಪಬೇಕು, ಆದರೆ ಕಂಪನಿಯ ಒಳಜಾಲಕ್ಕೆ ಹೊಗಿಸುವ ವಿಪಿಎನ್ ಬಾಗಿಲು ಎಷ್ಟೋ ಸಲ ಸಿಂಗಪುರದಲ್ಲೋ ಅಮೆರಿಕದಲ್ಲೋ ಇರುತ್ತದೆ. ಕೊಂಕಣ ಸುತ್ತಿ ಮೈಲಾರಕ್ಕೆ ಬಂದಂತೆ ಅವಳ ಪ್ರತಿ ಕೀಲಿಯೂ ಸಮುದ್ರ ದಾಟಿ ಬರುತ್ತದೆ. ಅಂಗಡಿಯ ಲೆಕ್ಕದ ತಂತ್ರಾಂಶ ಟ್ಯಾಲಿ ಕೆಟ್ಟಾಗ "ಎನಿಡೆಸ್ಕ್ ನಂಬರ್ ಹೇಳಿ ಸಾರ್" ಎನ್ನುತ್ತಾರಲ್ಲ, ಅಂಥ ತಂತ್ರಾಂಶಗಳೂ ಎರಡು ಕಂಪ್ಯೂಟರುಗಳ ನಡುವೆ ನೇರ ದಾರಿ ಸಿಗದಿದ್ದರೆ ನಡುವಿನ ಒಂದು ಸರ್ವರ್ ಮೂಲಕ ಮಾತು ಸಾಗಿಸುತ್ತವೆ. ಆ ಸರ್ವರ್ ಎಲ್ಲಿದೆ ಎಂಬುದರ ಮೇಲೆ ನಿಮ್ಮ ತಡ ನಿಂತಿರುತ್ತದೆ.

ತಂತ್ರಾಂಶ ಎಷ್ಟು ಸಲ ಹೋಗಿ ಬರಬೇಕೆಂದು ಹಟ ಹಿಡಿಯುತ್ತದೆ ಎಂಬುದು ಇದಕ್ಕಿಂತ ದೊಡ್ಡ ವಿಷಯ. ಎಕ್ಸ್ ವಿಂಡೋ ಆಜ್ಞೆಗಳನ್ನು ಕಳಿಸುತ್ತಿತ್ತು, ಬಿಟ್ ಕಡಿಮೆ. ಆದರೆ ಅದರ ಮೇಲೆ ಕಟ್ಟಿದ ಅನೇಕ ತಂತ್ರಾಂಶಗಳು ಹೆಜ್ಜೆಹೆಜ್ಜೆಗೂ ಪ್ರಶ್ನೆ ಕೇಳಿ, ಉತ್ತರ ಬರುವವರೆಗೆ ಕೈಕಟ್ಟಿ ನಿಲ್ಲುತ್ತಿದ್ದವು. ಒಂದು ಕಿಟಕಿ ತೆರೆಯುವಾಗ ಸಾವಿರ ಪ್ರಶ್ನೆ ಕೇಳಿದವೆಂದು ಇಟ್ಟುಕೊಳ್ಳಿ. ಕಚೇರಿಯ ಒಳಜಾಲದಲ್ಲಿ ಅದು ಒಂದು ಸೆಕೆಂಡೂ ಅಲ್ಲ. 60 ಮಿಲಿಸೆಕೆಂಡಿನ ಮನೆಯ ದಾರಿಯಲ್ಲಿ ಪೂರ್ತಿ ಒಂದು ನಿಮಿಷ. 2003ರಲ್ಲಿ ಕೀತ್ ಪ್ಯಾಕರ್ಡ್ ಮತ್ತು ಅದೇ ಗೆಟ್ಟಿಸ್ ಕೂತು ಇದನ್ನು ಅಳೆದರು. ಕಿರಿದಾದ ದಾರಿಗೆಂದೇ ಬಿಟ್ ಹಿಂಡುವ ಪ್ರತ್ಯೇಕ ಏರ್ಪಾಡೊಂದು ಎಕ್ಸ್‌ಗೆ ಅಷ್ಟರಲ್ಲಿ ಬಂದಿತ್ತು. ಅದರಿಂದ ಆದ ಉಪಕಾರ ಅಷ್ಟಕ್ಕಷ್ಟೆ, ಹೋಗಿ ಬರುವ ಸಂಖ್ಯೆ ಇಳಿಸುವುದೇ ನಿಜವಾದ ಮದ್ದು ಎಂದು ಅವರ ಅಳತೆ ತೋರಿಸಿತು. ಸಾಲಸೋಲ ಮಾಡಿ ಹೆಚ್ಚು ಮೆಗಾಬಿಟ್ಟಿನ ಪ್ಲಾನ್ ಹಾಕಿಸಿಕೊಂಡ ಮನೆಯವರು 'ಏನೂ ವ್ಯತ್ಯಾಸ ಆಗಲಿಲ್ಲ' ಎಂದಾಗ ನನಗೆ ಈ ಅಳತೆ ನೆನಪಾಗುತ್ತದೆ.

ಸಣ್ಣದೊಂದು ಸಂಗತಿ ಇಲ್ಲೇ ಸೇರಿಸುತ್ತೇನೆ. 1984ರಲ್ಲಿ ಜಾನ್ ನೇಗಲ್ ಗಮನಿಸಿದ್ದು: ಒಂದು ಕೀಲಿ ಎಂದರೆ ಒಂದು ಬೈಟ್, ಅದಕ್ಕೆ ವಿಳಾಸ ಮೊದಲಾದ ತಲೆಬರಹ 40 ಬೈಟ್. 41 ಬೈಟಿನ ಲಕೋಟೆಯಲ್ಲಿ ಒಂದೇ ಅಕ್ಷರ. ಹಾಗಾಗಿ ಸಣ್ಣವನ್ನು ಸ್ವಲ್ಪ ಹೊತ್ತು ತಡೆದು, ಒಟ್ಟು ಮಾಡಿ ಕಳಿಸುವ ವಿಧಾನ ಹೇಳಿದರು. ಜಾಲಕ್ಕೆ ಅದು ಉಪಕಾರವೇ. ಆದರೆ ಮೌಸ್ ಆಡಿಸುವವರಿಗೆ ಆ ಒಟ್ಟುಗೂಡಿಸುವಿಕೆ ತಡವಾಗಿ, ಬಾಣ ತಡವರಿಸಿ ಜಿಗಿಯುತ್ತದೆ. ಎಕ್ಸ್‌ನಂಥ ವ್ಯವಸ್ಥೆಗಳು ಅದನ್ನು ಬಿಟ್ಟುಕೊಟ್ಟು, ದುಬಾರಿಯಾದರೂ ಪ್ರತಿ ಚಲನೆಯನ್ನು ಕೂಡಲೇ ಕಳಿಸುತ್ತವೆ. ಈಚಿನ ಬಹಳಷ್ಟು ತಂತ್ರಾಂಶಗಳು ಮೌಸಿನ ಬಾಣವನ್ನು ನಮ್ಮ ಬದಿಯಲ್ಲೇ ಬಿಡಿಸುತ್ತವೆ. ಕೈ ಆಡಿದ ಕೂಡಲೇ ಬಾಣ ಆಡುತ್ತದೆ. 2012ರಲ್ಲಿ ಎಂಐಟಿಯ ಕೀತ್ ವಿನ್‌ಸ್ಟೈನ್ ಮತ್ತು ಹರಿ ಬಾಲಕೃಷ್ಣನ್ ಮಾಡಿದ ಮೋಶ್ ಎಂಬ ತಂತ್ರಾಂಶ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಒತ್ತಿದ ಅಕ್ಷರ ಏನಾದೀತೆಂದು ಊಹಿಸಿ ಕೂಡಲೇ ತೋರಿಸುತ್ತದೆ; ದಾರಿ ನಿಧಾನವಾಗಿದ್ದರೆ ಅದಕ್ಕೆ ಅಡಿಗೆರೆ ಹಾಕಿ, ಇದಿನ್ನೂ ಖಚಿತವಲ್ಲ ಎಂದು ತಿಳಿಸುತ್ತದೆ. ಬರೀ ಅಕ್ಷರಗಳ ಪರದೆಗೆ ಮಾತ್ರ ನಡೆಯುವ ಉಪಾಯ ಇದು. ಕಾದು ಕೂತವಳ ಮನಸ್ಸನ್ನು ಅರ್ಥಮಾಡಿಕೊಂಡವರು ಮಾತ್ರ ಇಂಥದ್ದನ್ನು ಮಾಡಬಲ್ಲರು.

ಈಗ ಜಗಲಿಗೆ ಮರಳೋಣ. ನಮ್ಮೂರಿಂದ ಬೆಂಗಳೂರಿನ ಆ ಕಂಪ್ಯೂಟರಿಗೆ, ಹೋಗಿ ಬರುವ ಹೊತ್ತನ್ನು ಅಳೆಯುವ ಪಿಂಗ್ ಕಳಿಸಿ ನೋಡಿದೆ. ರಾತ್ರಿ, ಎಲ್ಲರೂ ಮಲಗಿದ ಮೇಲೆ, 55 ಮಿಲಿಸೆಕೆಂಡ್. ತಾಮ್ರದ ತಂತಿಯಲ್ಲಿ ಗದ್ದಲದಿಂದ ಹಾಳಾಗದಿರಲೆಂದು ಬಿಟ್‌ಗಳನ್ನು ಚೆಲ್ಲಿ ಹೆಣೆಯುವ ಕ್ರಮವಿದೆ, ಅದರದ್ದೂ ಒಂದು ಪಾಲು ಇದರಲ್ಲಿ ಸೇರಿದೆ. ಅದೇನೂ ಕೆಟ್ಟ ಅಂಕಿಯಲ್ಲ, ಮಿಲ್ಲರ್ ಅವರ ನೂರರ ಗೆರೆಯೊಳಗೇ ಇದೆ. ಹಗಲು ನೋಡಿದರೆ 1900, 2000. ಹಾಗಾದರೆ ಹಗಲಿನಲ್ಲಿ ಬೆಂಗಳೂರು ದೂರ ಸರಿದಿತ್ತೇ?

ಇದೇ ಪ್ರಶ್ನೆ 2010ರಲ್ಲಿ ಜಿಮ್ ಗೆಟ್ಟಿಸ್ ಅವರಿಗೂ ಎದುರಾಗಿತ್ತು, ಮನೆಯಲ್ಲೇ. ಹಳೆಯ ಕಡತಗಳನ್ನು ಮನೆಯಿಂದ ಎಂಐಟಿಗೆ ಏರಿಸುತ್ತಿದ್ದರು. ಕಡತ ಏರುತ್ತಿರುವಷ್ಟು ಹೊತ್ತೂ ಮನೆಯ ಇಂಟರ್ನೆಟ್ ಸೆಕೆಂಡು ಮೀರಿದ ತಡದಲ್ಲಿ ಮುಳುಗುತ್ತಿತ್ತು. ಕಿಟಕಿಗಳನ್ನು ದೂರಕ್ಕೆ ಒಯ್ಯುವ ವ್ಯವಸ್ಥೆ ಕಟ್ಟಿ ಕಾಲು ಶತಮಾನ ಕಳೆದ ಮನುಷ್ಯ ಅದನ್ನು ಹಾಗೇ ಬಿಡಲಿಲ್ಲ. ಅಗೆದು ನೋಡಿದಾಗ ಸಿಕ್ಕಿದ್ದು ಮೋಡೆಮ್ ಒಳಗಿನ ಸರತಿ ಸಾಲು. ಮೆಮೊರಿ ಚಿಪ್ ಅಗ್ಗವಾದಂತೆ, ಮಾಹಿತಿಯ ಒಂದು ಪೊಟ್ಟಣವೂ (ಪ್ಯಾಕೆಟ್) ಬಿದ್ದು ಹೋಗದಿರಲಿ ಎಂದು ತಯಾರಕರು ಸಾಲು ನಿಲ್ಲುವ ಜಾಗವನ್ನು ಹಿಗ್ಗಿಸುತ್ತ ಹೋಗಿದ್ದರು. ಟಿಸಿಪಿ ಎಂಬ ಸಾಗಣೆಯ ಕ್ರಮಕ್ಕೆ ಒಂದು ಸ್ವಭಾವವಿದೆ: ಸಾಮಾನ್ಯವಾಗಿ ಪೊಟ್ಟಣ ಬಿದ್ದುಹೋದಾಗಲೇ ಅದು 'ದಾರಿ ತುಂಬಿದೆ' ಎಂದು ತಿಳಿದು ನಿಧಾನಿಸುವುದು. ಬೀಳುವುದೇ ಇಲ್ಲವೆಂದರೆ ಅದು ತುಂಬುತ್ತಲೇ ಹೋಗುತ್ತದೆ. ಗೆಟ್ಟಿಸ್ ಈ ರೋಗಕ್ಕೆ ಬಫರ್‌ಬ್ಲೋಟ್ ಎಂದು ಹೆಸರಿಟ್ಟರು. ಹೊಟ್ಟೆಯುಬ್ಬರ ಎಂದರೆ ನಮಗೆ ಅರ್ಥವಾಗುತ್ತದೆ.

ನಮ್ಮ ಮನೆಯ ಏರುವ ದಾರಿ ಸೆಕೆಂಡಿಗೆ 512 ಕಿಲೋಬಿಟ್. ತಾಮ್ರದ ತಂತಿಯ ಈ ಸಂಪರ್ಕಕ್ಕಿರುವ ಎಡಿಎಸ್‌ಎಲ್ ಎಂಬ ಹೆಸರಿನಲ್ಲೇ ಅಸಮ ಎಂಬ ಅರ್ಥವಿದೆ, ಏರುವ ದಾರಿ ಇಳಿಯುವ ದಾರಿಗಿಂತ ಕಿರಿದು. ಮೋಡೆಮ್ ಒಳಗೆ 128 ಕಿಲೋಬೈಟಿನ ಸಾಲು ನಿಂತರೆ ಅದು ಕರಗಲು ಸರಿಯಾಗಿ ಎರಡು ಸೆಕೆಂಡು. ನಾನು ಕಂಡ ಅಂಕಿಯೂ ಅದೇ. ಸಾಲಿನಲ್ಲಿ ನಿಂತದ್ದು ಏನೆಂದು ಹುಡುಕಿದೆ. ನನ್ನ ಫೋನು ಹಿಂದಿನ ದಿನ ಹೊಳೆಯ ಹತ್ತಿರ ತೆಗೆದ ವಿಡಿಯೋಗಳನ್ನು ಕ್ಲೌಡ್‌ಗೆ ಏರಿಸುತ್ತಿತ್ತು. ಆ ವಿಡಿಯೋಗಳ ಹತ್ತಾರು ದಪ್ಪ ಪೊಟ್ಟಣಗಳ ಹಿಂದೆ, ಕೊನೆಯಲ್ಲಿ, ಅವಳು ಒತ್ತಿದ 4 ಎಂಬ ಒಂದು ಅಂಕಿ ನಿಂತಿತ್ತು. ಚಿತ್ರ ಇಳಿದು ಬರುವ ದಾರಿಯಲ್ಲಿ ಏನೂ ತೊಂದರೆ ಇರಲಿಲ್ಲ, ಸ್ಪೀಡ್ ಟೆಸ್ಟ್ ಹೇಳಿದ್ದೂ ಸುಳ್ಳಲ್ಲ. ಕೈಯ ದಾರಿ ಮುಚ್ಚಿತ್ತು.

ನಮ್ಮ ಕಡೆಯ ಹಿಟ್ಟಿನ ಗಿರಣಿ ನೋಡಿದವರಿಗೆ ಇದರ ಮದ್ದೂ ಗೊತ್ತು. ಮದುವೆ ಮನೆಯವರು ಹತ್ತು ಮೂಟೆ ಅಕ್ಕಿ ತಂದು ಇಳಿಸಿರುತ್ತಾರೆ. ಹಿಂದೆ ಒಬ್ಬಾಕೆ ಚೀಲದಲ್ಲಿ ಒಂದು ಸೇರು ಉದ್ದು ಹಿಡಿದು ನಿಂತಿರುತ್ತಾರೆ. ಒಳ್ಳೆಯ ಗಿರಣಿಯವನು "ಬಾ ಅಕ್ಕ, ನಿಂದು ಮೊದ್ಲು ಹಾಕಿ ಕೊಡ್ತೀನಿ" ಎನ್ನುತ್ತಾನೆ. ಮದುವೆ ಮನೆಯವರಿಗೆ ಎರಡು ನಿಮಿಷ ಹೋದರೆ ತಿಳಿಯುವುದೂ ಇಲ್ಲ. ಆ ಅಕ್ಕನಿಗೆ ಒಂದು ಮಧ್ಯಾಹ್ನ ಉಳಿಯಿತು. 2012ರಲ್ಲಿ ಕ್ಯಾಥ್ಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್‌ಸನ್ ಕೋಡೆಲ್ ಎಂಬ ವಿಧಾನ ಪ್ರಕಟಿಸಿದರು. ಸಾಲು ಎಷ್ಟು ಉದ್ದವಿದೆ ಎಂದು ಅದು ನೋಡುವುದಿಲ್ಲ, ಒಂದು ಪೊಟ್ಟಣ ಎಷ್ಟು ಹೊತ್ತು ನಿಂತಿತು ಎಂದು ನೋಡುತ್ತದೆ. ಕಾಯುವಿಕೆ 5 ಮಿಲಿಸೆಕೆಂಡಿಗಿಂತ ಹೆಚ್ಚಾಗಿ, ನೂರು ಮಿಲಿಸೆಕೆಂಡಾದರೂ ಇಳಿಯದಿದ್ದರೆ ಒಂದನ್ನು ಬೀಳಿಸಿ ಕಳಿಸುವವರಿಗೆ ಎಚ್ಚರಿಕೆ ಕೊಡುತ್ತದೆ. ಎರಿಕ್ ಡ್ಯುಮಜೆ, ಡೇವ್ ಟಾಟ್ ಮೊದಲಾದವರು ಅದಕ್ಕೆ ಗಿರಣಿಯ ನ್ಯಾಯವನ್ನು ಜೋಡಿಸಿದರು. ಪ್ರತಿಯೊಬ್ಬರಿಗೂ ಬೇರೆ ಸಾಲು, ಅಪರೂಪಕ್ಕೆ ಸಣ್ಣ ಗಂಟು ತರುವವರಿಗೆ ಮೊದಲ ಸರದಿ. ಅದೇ ವರ್ಷ ಅದು ಲಿನಕ್ಸ್‌ಗೆ ಸೇರಿತು, ಎಲ್ಲರಿಗೂ ಉಚಿತವಾಗಿ.

ನಾನು ಮಾಡಿದ್ದು ಇಷ್ಟು. ಅಟ್ಟದ ಮೇಲಿದ್ದ ಹಳೆಯ ರೂಟರಿಗೆ ಓಪನ್‌ಡಬ್ಲ್ಯುಆರ್‌ಟಿ ಎಂಬ ಮುಕ್ತ ತಂತ್ರಾಂಶ ಹಾಕಿದೆ. ಏರುವ ದಾರಿಯನ್ನು 512ರ ಬದಲು 440 ಕಿಲೋಬಿಟ್‌ಗೆ ಕಟ್ಟಿದೆ. ಹಾಗೆ ಕಟ್ಟಿದರೆ ಸಾಲು ಮೋಡೆಮ್ ಒಳಗೆ ಬೆಳೆಯದೆ ನನ್ನ ರೂಟರಿನಲ್ಲಿ ನಿಲ್ಲುತ್ತದೆ. ಅಲ್ಲಿ ಒಳ್ಳೆಯ ಗಿರಣಿಯವನಿದ್ದಾನೆ. ಫೋನು ವಿಡಿಯೋ ಏರಿಸುತ್ತಿರುವಾಗಲೇ ಪಿಂಗ್ ನೋಡಿದೆ. 80, 85, 78. ಸ್ಪೀಡ್ ಟೆಸ್ಟಿನ ಅಂಕಿ ಮೊದಲಿಗಿಂತ ಕಡಿಮೆ ಬಂತು. ಅವಳ ಕೀಲಿಗಳು ಒತ್ತಿದ ಹಾಗೆ ಮೂಡತೊಡಗಿದವು.

ಈ ಎರಡು ವಾಕ್ಯಗಳನ್ನು ನಮ್ಮ ನೀತಿ ಮಾಡುವವರು ಒಟ್ಟಿಗೇ ಓದಬೇಕೆಂದು ನನ್ನ ಬಯಕೆ. ಬ್ರಾಡ್‌ಬ್ಯಾಂಡ್ ಎಂದರೇನು ಎಂದು ನಮ್ಮ ದೇಶ 2004ರಲ್ಲಿ ಹೇಳಿದಾಗ ಅದು 256 ಕಿಲೋಬಿಟ್. 2013ರಲ್ಲಿ 512 ಆಯಿತು. 2023ರಲ್ಲಿ 2 ಮೆಗಾಬಿಟ್. ಏರಿಕೆ ಸಂತೋಷವೇ. ಮೂರು ಸಲವೂ ಅಳೆದದ್ದು ಅಗಲವನ್ನು. ಅಂಗಡಿಯಲ್ಲಿ ರೂಟರ್ ಕೊಳ್ಳುವಾಗ, ಹೊಸ ಸಂಪರ್ಕಕ್ಕೆ ಅರ್ಜಿ ಕೊಡುವಾಗ, ಮನೆಯಲ್ಲಿ ಎಲ್ಲರೂ ಬಳಸುತ್ತಿರುವ ಸಂಜೆ ಏಳು ಗಂಟೆಗೆ ತಡ ಎಷ್ಟು ಎಂದು ಬರೆದಿರುವ ಒಂದು ಚೀಟಿ ನಮಗೆ ಕಾಣಬೇಕು. ಏರುವ ದಾರಿಯ ಅಂಕಿಯೂ ಇಳಿಯುವ ದಾರಿಯಷ್ಟೇ ದೊಡ್ಡ ಅಕ್ಷರದಲ್ಲಿರಬೇಕು. ಮನೆಯಲ್ಲಿರುವ ಕಂಪ್ಯೂಟರನ್ನು ಹೊರಗಿನವರು ತೆರೆದು ರಿಪೇರಿ ಮಾಡುವಾಗ ಇಡೀ ಚಿತ್ರ ಹೋಗಬೇಕಾದ್ದು ಆ ಕಿರಿದಾದ ಏರುದಾರಿಯಲ್ಲೇ.

ಮಿಕ್ಕ ತೊಂದರೆಗಳು ನಿಮಗೆ ಗೊತ್ತಿರುವವೇ. ವೈಫೈ ಎರಡು ಮಣ್ಣಿನ ಗೋಡೆ ದಾಟುವಷ್ಟರಲ್ಲಿ ಪೊಟ್ಟಣ ಕಳೆಯುತ್ತದೆ, ಟಿಸಿಪಿ ಕಳೆದದ್ದು ಮತ್ತೆ ಬರುವವರೆಗೆ ಹಿಂದಿನವನ್ನೆಲ್ಲ ತಡೆದು ನಿಲ್ಲಿಸುತ್ತದೆ. 2012ರ ನಂತರದ ಆರ್‌ಡಿಪಿ ಯುಡಿಪಿ ಎಂಬ ಇನ್ನೊಂದು ಸಾಗಣೆಯನ್ನೂ ಬಳಸಬಲ್ಲದು, ಅಲ್ಲಿ ಈ ತಡೆ ಕಡಿಮೆ. ಆದರೂ ಕೆಲಸದ ಮೇಜಿಗೆ ರೂಟರಿನಿಂದ ಒಂದು ತಂತಿ ಎಳೆಯುವುದಕ್ಕಿಂತ ಅಗ್ಗದ, ಖಚಿತವಾದ ಉಪಾಯ ಬೇರೆ ಇಲ್ಲ. ಗುಡುಗು ಶುರುವಾಗುವ ಮೊದಲೇ ಫೋನಿನ ತಂತಿ ಕೀಳಿ. ಕಳೆದ ಹತ್ತು ಮಳೆಗಾಲದಲ್ಲಿ ನಮ್ಮ ಕೇರಿಯಲ್ಲಿ ಸಿಡಿಲಿಗೆ ಸುಟ್ಟ ಮೋಡೆಮ್‌ಗಳನ್ನು ನಾನು ಎಣಿಸುವುದನ್ನೇ ಬಿಟ್ಟಿದ್ದೇನೆ.

ಸಿಗ್ನಲ್ ಹುಡುಕಿ ಗುಡ್ಡ ಹತ್ತಿದ ಮಕ್ಕಳನ್ನು ಈ ಮಲೆನಾಡು ಕಂಡಿದೆ. ತಂತಿಯೇ ಇಲ್ಲದ ಮನೆಗೆ ನನ್ನ ರೂಟರಿನಿಂದ ಏನೂ ಆಗದು, ಅಲ್ಲಿ ಮೊದಲು ದಾರಿ ಬೇಕು. ದಾರಿ ಇದ್ದೂ ಕೈ ಕಟ್ಟಿ ಕೂತವರು ಅದಕ್ಕಿಂತ ಹೆಚ್ಚು ಜನ ಎಂಬುದು ನನ್ನ ಅನುಭವ, ಅವರ ಸಲುವಾಗಿ ಇವತ್ತು ಇಷ್ಟು ಮಾತಾಡಿದೆ.

ಅಕ್ಕನ ಮಗಳು ಈಗಲೂ ವಾರಕ್ಕೆ ಮೂರು ದಿನ ಊರಿನಿಂದಲೇ ಕೆಲಸ ಮಾಡುತ್ತಾಳೆ. ಹಾಜರಿಯ ವಿಷಯ ಮೇಲಿನವರಿಗೆ ಬರೆದಳು, ಪಿಂಗ್‌ನ ಪಟ್ಟಿಯನ್ನೂ ಲಗತ್ತಿಸಿದಳು. ಎರಡು ತಿಂಗಳ ಮುರಿದ ಹಣ ಮರಳಿ ಬಂತು.

ಆ ಹಳೆಯ ರೂಟರನ್ನು ಜೊತೆಗೆ ತಂದಿದ್ದೇನೆ. ಪಕ್ಕದ ಲ್ಯಾಬಿನಲ್ಲಿ ಎರಡು ಕಂಪ್ಯೂಟರಿಗೆ ಜೋಡಿಸಿ, ದಾರಿಯನ್ನು 512 ಕಿಲೋಬಿಟ್‌ಗೆ ಇಳಿಸಿ ಇಟ್ಟಿದ್ದಾರೆ. ಒಂದರಲ್ಲಿ ವಿಡಿಯೋ ಏರುತ್ತಿರುತ್ತದೆ, ಇನ್ನೊಂದರಲ್ಲಿ ನೀವು ನಿಮ್ಮ ಹೆಸರು ಬರೆಯಿರಿ. ಮೊದಲು ಸಾಲಿನ ನ್ಯಾಯವಿಲ್ಲದೆ, ಆಮೇಲೆ ಅದನ್ನು ಹಾಕಿ. ಚಹಾ ಅಲ್ಲಿಯೇ ಇದೆ, ಬನ್ನಿ.